ಎರಡನೇ ಸ್ಲಾಟು, ನಾಲ್ಕನೇ ಸ್ಲಾಟು

ಜುಲೈನಲ್ಲಿ ನಮ್ಮೂರು ಸಾಗರದ ಮಳೆ ಅಂದ್ರೆ ಗೊತ್ತಲ್ವಾ, ಹೊರಗೆ ಕಾಲಿಡುವ ಹಾಗಿರಲ್ಲ. ನನಗೆ ಅದೇ ಎಡಿಟಿಂಗ್ ಕಾಲ. ಮೇ ತಿಂಗಳ ಮದುವೆಗಳೆಲ್ಲ ಹಾರ್ಡ್ ಡಿಸ್ಕಿನಲ್ಲಿ ಕಾಯುತ್ತಿರುತ್ತವೆ. ಆ ಶನಿವಾರ ಒಂದು ಮುಹೂರ್ತದ ದೃಶ್ಯಕ್ಕೆ ಬಂದಿದ್ದೆ. ಗಟ್ಟಿಮೇಳ ಮುಗಿದೇ ಹೋಯಿತು, ಪರದೆಯ ಮೇಲೆ ಮದುಮಗನ ಕೈ ಮಾತ್ರ ತಾಳಿ ಹಿಡಿದು ಹಾಗೇ ನಿಂತಿತ್ತು. ಶಬ್ದ ಮುಂದೆ, ಚಿತ್ರ ಹಿಂದೆ.

ಕಂಪ್ಯೂಟರ್ ಕೆಲಸದ ಹೊತ್ತಿಗೆ ಬಳಸುವ ಮೆಮೊರಿ ಸಾಲುತ್ತಿಲ್ಲ ಅನಿಸಿ, ಇನ್ನೂ 16 ಜಿಬಿ ರ‍್ಯಾಮ್ ಹಾಕಿಸಿಬಿಡೋಣ ಅಂತ ಬೆಂಗಳೂರಿನಲ್ಲಿರುವ ಅಣ್ಣನ ಮಗನಿಗೆ ಫೋನ್ ಮಾಡಿದೆ.

"ಚಿಕ್ಕಪ್ಪ, ದುಡ್ಡು ಹಾಕೋ ಮುಂಚೆ ಟಾಸ್ಕ್ ಮ್ಯಾನೇಜರ್ ತೆಗೀರಿ. ಮೆಮೊರಿ ಎಷ್ಟು ತುಂಬಿದೆ?"

16ರಲ್ಲಿ 11 ಜಿಬಿ. ತುಂಬಿ ತುಳುಕುತ್ತಿದ್ದರೆ ಜಾಸ್ತಿ ಹಾಕಿಸಲೇಬೇಕಿತ್ತು, ಆದರೆ ಇಲ್ಲಿ ಜಾಗ ಇತ್ತು.

"ಸ್ಪೀಡ್ ಎಷ್ಟಿದೆ ಅಲ್ಲಿ?"

2133. ನಾನು ತಂದಿದ್ದು 3200 ವೇಗದ, ಡಿಡಿಆರ್4 ಮಾದರಿಯ, 8 ಜಿಬಿಯ ಎರಡು ಸ್ಟಿಕ್. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿತ್ತು, ಅದಕ್ಕೇ ದುಡ್ಡು ಕೊಟ್ಟಿದ್ದೆ. ಆಮೇಲೆ ಅವನು ಕಂಪ್ಯೂಟರಿನ ಒಳಗಿನ ವಿವರ ತೋರಿಸುವ ಸಿಪಿಯು-ಝಡ್ ಅನ್ನುವ ಸಾಫ್ಟ್‌ವೇರ್ ಹಾಕಿಸಿದ. ಚಾನೆಲ್ ಅಂತ ಇರುವ ಕಡೆ 'ಸಿಂಗಲ್' ಎಂದಿತ್ತು, ಅಂದ್ರೆ ಮೆಮೊರಿಗೂ ಪ್ರೊಸೆಸರ್‌ಗೂ ನಡುವೆ ಎರಡರ ಬದಲು ಒಂದೇ ದಾರಿ. ಎರಡು ವರ್ಷದಿಂದ ಹೀಗೇ ಓಡಿದೆ ಎಂದು ಗೊತ್ತಾದಾಗ ಹೊಟ್ಟೆ ಉರಿಯಿತು.

ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದೆ. ನಾಲ್ಕು ಸ್ಲಾಟು. ಜೋಡಿಸಿದವರು ಪ್ರೊಸೆಸರ್ ಪಕ್ಕದ ಮೊದಲ ಎರಡರಲ್ಲೇ ಒತ್ತೊತ್ತಾಗಿ ಎರಡೂ ಸ್ಟಿಕ್ ಕೂರಿಸಿದ್ದರು. ಆ ಎರಡೂ ಒಂದೇ ಚಾನೆಲ್‌ಗೆ ಸೇರಿದ್ದು. ಎರಡು ಬಾಗಿಲಿರುವ ಮನೆಯಲ್ಲಿ ಒಂದಕ್ಕೆ ಚಿಲಕ ಹಾಕಿ, ಎಲ್ಲರೂ ಇನ್ನೊಂದರಲ್ಲೇ ನುಗ್ಗಿದ ಹಾಗೆ. ನನ್ನದು ರೈಜೆನ್ 5 5600ಜಿ ಪ್ರೊಸೆಸರ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಚಿತ್ರ ಬಿಡಿಸುವ ಕೆಲಸಕ್ಕೂ ಇದೇ ರ‍್ಯಾಮ್ ಬೇಕು. ಹಾಗಾಗಿ ಪೆಟ್ಟು ಜಾಸ್ತಿ ಬಿದ್ದಿದ್ದು ವಿಡಿಯೊಗೇ.

ಕರೆಂಟ್ ತೆಗೆದು, ಮೈಮೇಲಿನ ಸ್ಥಿರ ವಿದ್ಯುತ್ ಹೋಗಲಿ ಅಂತ ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ, ಕ್ಲಿಪ್ ಒತ್ತಿದೆ. ಸ್ಟಿಕ್ ಟಕ್ ಅಂತ ಮೇಲೆದ್ದಿತು. ಕೆಳಗಿನ ಚಿನ್ನದ ಬಣ್ಣದ ಅಂಚಿಗೆ ಬೆರಳು ತಾಗದ ಹಾಗೆ ಹಿಡಿದು, ಎರಡನೇ ಮತ್ತು ನಾಲ್ಕನೇ ಸ್ಲಾಟಿನಲ್ಲಿ ಒಂದೊಂದು ಕೂರಿಸಿದೆ. ಮದರ್‌ಬೋರ್ಡಿನ ಪುಸ್ತಕದಲ್ಲೂ ಹಾಗೇ ಇತ್ತು. ಆ ಪುಸ್ತಕ ಅಟ್ಟದ ಮೇಲೆ ಡಬ್ಬಿಯಲ್ಲೇ ಬಿದ್ದಿತ್ತು. ಒತ್ತುವಾಗ ಕೈ ನಡುಗಿತು, ಬೋರ್ಡ್ ಸ್ವಲ್ಪ ಬಾಗುತ್ತೆ ನೋಡಿ.

ಸ್ವಿಚ್ ಹಾಕಿದರೆ ಫ್ಯಾನ್ ತಿರುಗುತ್ತಿದೆ, ಪರದೆ ಕಪ್ಪು. ಜೀವವೇ ಬಾಯಿಗೆ ಬಂತು. "ಸುಮ್ನೆ ಕಾಯಿರಿ ಚಿಕ್ಕಪ್ಪ, ರ‍್ಯಾಮ್ ಜಾಗ ಬದಲಾಯಿಸಿದ ಮೇಲೆ ಬೋರ್ಡು ಅದನ್ನ ಹೊಸದಾಗಿ ಪರೀಕ್ಷೆ ಮಾಡಿ ಹೊಂದಿಸ್ಕೊಳ್ಳತ್ತೆ." ಸುಮಾರು ಒಂದು ನಿಮಿಷ. ಆ ನಿಮಿಷ ಎಷ್ಟು ಉದ್ದ ಇತ್ತೋ! ಕೊನೆಗೆ ಪರದೆ ಬೆಳಗಿತು. ಡಿಲೀಟ್ ಒತ್ತಿ, ಬೋರ್ಡಿನ ಸೆಟ್ಟಿಂಗ್‌ಗಳಿರುವ ಬಯಾಸ್‌ಗೆ ಹೋದೆ. ಎಕ್ಸ್‌ಎಂಪಿ ಅನ್ನುವ ವೇಗದ ಪ್ರೊಫೈಲ್ ಆಫ್ ಇತ್ತು. 3200 ಅನ್ನುವುದು ಆ ಪ್ರೊಫೈಲ್ ಒಳಗಿನ ವೇಗ, ಅದನ್ನು ನಾವೇ ಆನ್ ಮಾಡದಿದ್ದರೆ ಬೋರ್ಡು ಮಾಮೂಲಿ ವೇಗದಲ್ಲೇ ಓಡಿಸುತ್ತದೆ. ಪ್ರೊಫೈಲ್ 1 ಆರಿಸಿದೆ. ವೋಲ್ಟೇಜ್ 1.2ರಿಂದ 1.35ಕ್ಕೆ ಅದಾಗಿಯೇ ಏರಿತು.

ಲೆಕ್ಕದಲ್ಲಿ ಹೇಳೋದಾದರೆ, ಮೊದಲು ಸೆಕೆಂಡಿಗೆ ಹೆಚ್ಚೆಂದರೆ 17 ಜಿಬಿ ಸಾಗುವಷ್ಟು ದಾರಿ ಇತ್ತು. ಈಗ 51. ಮೂರು ಪಟ್ಟು, ಒಂದು ರೂಪಾಯಿ ಖರ್ಚಿಲ್ಲದೆ. ಹಾಗಂತ ಎಲ್ಲ ಕೆಲಸವೂ ಮೂರು ಪಟ್ಟು ಬೇಗ ಆಗಲ್ಲ. ಆಲ್ಬಂ ಪುಟ ಜೋಡಿಸುವಾಗ ನನಗೆ ವ್ಯತ್ಯಾಸವೇ ಕಾಣಲಿಲ್ಲ.

ಬೇರೆಯವರ ಮದುವೆಯ ವಿಡಿಯೊ ಇರುವ ಕಂಪ್ಯೂಟರ್. ವೇಗ ಏರಿಸಿ ಹಾಗೇ ನಂಬಿ ಕೂರುವುದು ನನಗೆ ಸರಿ ಅನಿಸಲಿಲ್ಲ. ಮೆಮೊರಿ ತಪ್ಪು ಮಾಡಿದರೆ ಫೈಲೇ ಹಾಳಾಗಬಹುದು. ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಅನ್ನುವ ಮೆಮೊರಿ ಪರೀಕ್ಷೆಯ ಸಾಫ್ಟ್‌ವೇರ್ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನಾಲ್ಕು ಸುತ್ತೂ ಮುಗಿದಿತ್ತು. ಎರರ್ ಸೊನ್ನೆ.

ಕಾಫಿ ಹಿಡಿದುಕೊಂಡೇ ಅದೇ ದೃಶ್ಯ ತೆಗೆದೆ. ಗಟ್ಟಿಮೇಳ ಏರಿತು, ಮದುಮಗನ ಕೈ ಜೊತೆಗೇ ಚಲಿಸಿತು, ಅಕ್ಷತೆ ಕಾಳು ತಡೆಯಿಲ್ಲದೆ ಉದುರಿತು. ಮಧ್ಯಾಹ್ನದೊಳಗೆ ಮುಹೂರ್ತದ ಭಾಗ ಮುಗಿಸಿ ಆರತಕ್ಷತೆಗೆ ಕೈ ಹಾಕಿದೆ.