ರೈಟರ್ ಕೆಲಸ ಮತ್ತು ಇಂಗ್ಲಿಷ್ ಪದಗಳ ತೂಕ

ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಗುಮಾಸ್ತ. ಚೆಕ್‌ರೋಲ್ ಅನ್ನುವ ಆಳುಗಳ ಹಾಜರಿ ಪುಸ್ತಕ, ಬಟವಾಡೆ, ಗೊಬ್ಬರದ ಲೆಕ್ಕ ಎಲ್ಲ ನನ್ನದೇ. 2016ರಲ್ಲಿ ನಮ್ಮ ಸಾಹುಕಾರರು ಹೊರದೇಶದ ರೋಸ್ಟರ್‌ಗಳ, ಅಂದರೆ ಕಾಫಿ ಬೀಜ ಕೊಂಡು ಹುರಿದು ಮಾರುವವರ ಜೊತೆ ನೇರವಾಗಿ ವ್ಯವಹಾರ ಶುರು ಮಾಡಿದರು. ಅವರ ಇಮೇಲ್‌ಗಳಿಗೆ ಉತ್ತರ ಬರೆಯುವ ಕೆಲಸವೂ ನನ್ನ ಮೇಜಿಗೆ ಬಂತು.

ನಾನು ಓದಿದ್ದು ಕನ್ನಡ ಮೀಡಿಯಂನಲ್ಲಿ. ಇಂಗ್ಲಿಷ್ ಗಟ್ಟಿ ಮಾಡಿಕೊಳ್ಳಬೇಕು ಅಂತ ಕಷ್ಟದ ಪದಗಳ ಪುಸ್ತಕ ತಂದೆ. ದಿನಕ್ಕೆ ಹತ್ತು ಪದ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ. ಮಳೆಗಾಲದಲ್ಲಿ ಕರೆಂಟ್ ಹೋದರೂ ಮೇಣದಬತ್ತಿ ಹಚ್ಚಿಕೊಂಡು ಕಲಿಯುತ್ತಿದ್ದೆ. ಆರು ತಿಂಗಳಲ್ಲಿ ಸಾವಿರಕ್ಕೂ ಜಾಸ್ತಿ ಪದ ಬಾಯಿಪಾಠವಾಯಿತು.

‘ನೊಟೋರಿಯಸ್’ ಪದದ ಎದುರು ಆ ಪುಸ್ತಕದಲ್ಲಿ ‘ಹೆಸರಾದ’ ಅಂತ ಇತ್ತು. ನಮ್ಮ ಊರು ರೋಬಸ್ಟಾ ತಳಿಯ ಕಾಫಿಗೆ ನೊಟೋರಿಯಸ್ ಅಂತ ಬರೆದುಬಿಟ್ಟೆ. ಕೊಳ್ಳುವವರು ಏನು ತೊಂದರೆ ಅಂತ ಮರ್ಯಾದೆಯಿಂದಲೇ ಕೇಳಿದರು. ನಮ್ಮಲ್ಲೂ ಖ್ಯಾತ ಬೇರೆ, ಕುಖ್ಯಾತ ಬೇರೆ ಅಲ್ವಾ. ಅದನ್ನು ತಿದ್ದಿಕೊಂಡೆ.

ಜಾಸ್ತಿ ತೊಂದರೆ ಕೊಟ್ಟಿದ್ದು ‘ರಿವರ್ಟ್’. ನಮ್ಮ ದೇಶದ ಆಫೀಸುಗಳಲ್ಲಿ ರಿವರ್ಟ್ ಮಾಡುತ್ತೇನೆ ಅಂದರೆ ಉತ್ತರ ಕೊಡುತ್ತೇನೆ ಅಂತಲೇ. ಆದರೆ ಆ ಪದದ ಹಳೆಯ ಅರ್ಥ, ಮೊದಲಿದ್ದ ಸ್ಥಿತಿಗೆ ವಾಪಸ್ ಹೋಗುವುದು. ಒಂದು ವರ್ಷ ನಾವು ಸ್ವಲ್ಪ ಬೆಲೆ ಏರಿಸಿದ್ದೆವು. ಅವರು ಚರ್ಚೆಗೆ ಇಳಿದಾಗ, ಬೆಲೆಯ ಬಗ್ಗೆ ನಾಳೆ ರಿವರ್ಟ್ ಮಾಡುತ್ತೇವೆ ಅಂತ ಬರೆದೆ. ಹಳೇ ಬೆಲೆಗೇ ಕೊಡಲು ಒಪ್ಪಿದ್ದಾರೆ ಅಂತ ಅವರು ತಿಳಿದುಕೊಂಡರು. ಥ್ಯಾಂಕ್ಸ್ ಹೇಳಿ ಮರುದಿನವೇ ಆರ್ಡರ್ ಕಳಿಸಿದರು. ಸಾಹುಕಾರರೇ ಫೋನ್ ಮಾಡಿ ಬಿಡಿಸಿ ಹೇಳಬೇಕಾಯಿತು. ಅವರು ನನ್ನನ್ನು ಬೈಯಲಿಲ್ಲ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅರ್ಥ ಗೊತ್ತಿದ್ದ ಪದವೇ ಕೈ ಕೊಟ್ಟಿತ್ತು.

ದಾರಿ ತೋರಿಸಿದ್ದು ನಮ್ಮ ‘ಸೆಂಟ್’. ಫೆಬ್ರವರಿ, ಮಾರ್ಚ್ ಬಂದರೆ ಕೊಡಗಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಹೂಮಳೆ ಬಂತಾ, ಎಷ್ಟು ಸೆಂಟ್ ಬಿತ್ತು? ಇಲ್ಲಿ ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ. ಅದೇ ಜನ ಐದು ನಿಮಿಷ ಬಿಟ್ಟು ಹತ್ತು ಸೆಂಟ್ ಜಾಗ ಅಂದರೆ ಅದು ಎಕರೆಯ ಲೆಕ್ಕ. ಯಾರಿಗೂ ಗೊಂದಲ ಆಗುವುದಿಲ್ಲ. ‘ಬಿತ್ತು’ ಅಂದರೆ ಮಳೆ, ‘ಜಾಗ’ ಅಂದರೆ ನೆಲ. ಮೈಸೂರಿನಿಂದ ಲೆಕ್ಕ ನೋಡಲು ಬಂದವರೊಬ್ಬರು ಹೂಮಳೆ ಅಂದರೆ ಹೂವು ಸುರಿಯುವುದು ಅಂದುಕೊಂಡಿದ್ದರು. ಕಾಫಿ ಹೂವು ಬಿಡಿಸುವ ಮಳೆ ಅಂತ ನಮಗೆ ಯಾರೂ ಪಾಠ ಮಾಡಿರಲಿಲ್ಲ. ಚಿಕ್ಕಂದಿನಿಂದ ಸಾವಿರ ಸಲ ಕೇಳಿದ್ದೆವು ಅಷ್ಟೇ. ಇಂಗ್ಲಿಷಿನಲ್ಲಿ ನಾನು ಆ ಕೇಳುವ ಭಾಗವನ್ನೇ ಬಿಟ್ಟಿದ್ದೆ.

ಹಳೇ ನೋಟ್‌ಬುಕ್ ಪಕ್ಕಕ್ಕಿಟ್ಟೆ. ಹೊಸದರಲ್ಲಿ ಬಿಡಿ ಪದಕ್ಕೆ ಜಾಗವಿಲ್ಲ. ಕೊಳ್ಳುವವರ ಇಮೇಲಿನಲ್ಲೋ ಇಂಗ್ಲಿಷ್ ಪೇಪರಿನಲ್ಲೋ ಕಂಡ ಪೂರ್ತಿ ವಾಕ್ಯವನ್ನೇ ಬರೆಯುತ್ತೇನೆ. ಒಂದೇ ಪದ ಮೂರು ಕಡೆ ಸಿಕ್ಕಿದ ಮೇಲೆ, ಅದನ್ನೇ ಇಟ್ಟು ತೋಟದ ಬಗ್ಗೆ ನನ್ನದೊಂದು ವಾಕ್ಯ. ‘ಮಿಟಿಗೇಟ್’ ಅಂದರೆ ತೀವ್ರತೆ ಕಡಿಮೆ ಮಾಡುವುದು; ಅದು ಯಾವಾಗಲೂ ನಷ್ಟ, ಅಪಾಯ, ಪರಿಣಾಮಗಳ ಪಕ್ಕದಲ್ಲೇ ಕಾಣಿಸಿತು. ಹಾಗಾಗಿ ಕಾಂಡಕೊರಕ ಹುಳುವಿನಿಂದ ಆಗುವ ನಷ್ಟವನ್ನು ಮಿಟಿಗೇಟ್ ಮಾಡುತ್ತೇವೆ ಅಂತ ಬರೆಯುತ್ತೇನೆ. ಹುಳುವನ್ನೇ ಮಿಟಿಗೇಟ್ ಮಾಡಲು ಆಗುವುದಿಲ್ಲ. ‘ಬೋಲ್ಡ್’ ನನಗೆ ಧೈರ್ಯ ಅಂತ ಮಾತ್ರ ಗೊತ್ತಿತ್ತು. ಮೈಸೂರು ನಗೆಟ್ಸ್ ಎಕ್ಸ್‌ಟ್ರಾ ಬೋಲ್ಡ್ ಅನ್ನುವ ಗ್ರೇಡ್‌ನಲ್ಲಿ ಅದು ಬೀಜದ ಗಾತ್ರ, ದಪ್ಪ ಬೀಜ. ದಿನಕ್ಕೆ ಹತ್ತು ಪದ ಹೋಗಿ ವಾರಕ್ಕೆ ಮೂರೋ ನಾಲ್ಕೋ ಆಯಿತು. ಆದರೆ ಕಲಿತದ್ದು ಕೈಯಲ್ಲಿ ಉಳಿಯಿತು.

ಇಷ್ಟಾದರೂ ಒಂದು ವಿಷಯ ಬಾಕಿ ಇತ್ತು. 2018ರ ಆಗಸ್ಟ್ ಮಳೆ ಕೊಡಗಿನವರು ಯಾರೂ ಮರೆಯುವುದಿಲ್ಲ. ನಮ್ಮ ತೋಟದಲ್ಲಿ ಕಾಯಿ ಉದುರಿತು, ಒಂದು ಬರೆ ಜರಿಯಿತು, ಒಳಗಿನ ರಸ್ತೆ ಕೊಚ್ಚಿಹೋಯಿತು. ಹೇಗಿದ್ದೀರಿ ಅಂತ ರೋಸ್ಟರ್‌ಗಳು ಬರೆದಿದ್ದರು. ತೋಟ ‘ಡೆವಸ್ಟೇಟೆಡ್’, ಅಂದರೆ ಪೂರ್ತಿ ನಾಶವಾಗಿದೆ ಅಂತ ಉತ್ತರ ಬರೆದು ಸಾಹುಕಾರರಿಗೆ ತೋರಿಸಿದೆ. ಪದದ ಅರ್ಥ ಗೊತ್ತಿತ್ತು, ಪೇಪರಿನಲ್ಲಿ ದಿನಾ ಓದುತ್ತಿದ್ದೆ, ವಾಕ್ಯವೂ ಸರಿ ಇತ್ತು.

ಅವರು ಕನ್ನಡಕ ತೆಗೆದು ಸುಮ್ನೆ ಸ್ವಲ್ಪ ಹೊತ್ತು ಕುಳಿತರು. ಆಮೇಲೆ ಹೇಳಿದರು, “ರೈಟ್ರೇ, ಈ ಪದ ನಮ್ಮದಲ್ಲ. ಇದು ಮಕ್ಕಂದೂರಿನವರದ್ದು. ನಮಗೆ ಮನೆ ಇದೆ, ಗಿಡ ಇದೆ.”

ಅಲ್ಲಿ ಗುಡ್ಡ ಜರಿದು ಮನೆ, ತೋಟ ಎಲ್ಲ ಮಣ್ಣಿನಡಿ ಹೋಗಿತ್ತು. ಜನ ಉಟ್ಟ ಬಟ್ಟೆಯಲ್ಲೇ ಪರಿಹಾರ ಕೇಂದ್ರಕ್ಕೆ ಬಂದಿದ್ದರು. ನಾನು ಆ ಸಾಲು ಹೊಡೆದು ಹಾಕಿದೆ. ಕಾಯಿ ಉದುರಿದೆ, ರಸ್ತೆ ಹೋಗಿದೆ, ನಾವು ಕ್ಷೇಮ ಅಂತ ಶಾಲೆಯಲ್ಲಿ ಕಲಿತ ಸಣ್ಣ ಪದಗಳಲ್ಲೇ ಬರೆದೆ. ಸಾಹುಕಾರರು ಓದಿ ಸಹಿ ಮಾಡಿದರು.

ಸಂಜೆ ನೋಟ್‌ಬುಕ್ ತೆರೆದೆ. ‘ಡೆವಸ್ಟೇಟೆಡ್’ ಪದಕ್ಕೆ ನನ್ನ ವಾಕ್ಯ ಬರೆಯಲು ಬಿಟ್ಟಿದ್ದ ಜಾಗದಲ್ಲಿ ಮಕ್ಕಂದೂರು ಅಂತ ಬರೆದು ಮುಚ್ಚಿಟ್ಟೆ.