ಹಳೆಯ ಗ್ರಾಹಕರಿಗಿಲ್ಲದ ಅರ್ಹತೆ

ಹನ್ನೊಂದು ವರ್ಷಗಳಿಂದ ಒಂದೇ ಕಂಪನಿಯ ಸಿಮ್ ಬಳಸುತ್ತಿರುವ ಅಮ್ಮನಿಗೆ, ಹಳೆಯ ಫೋನ್ ಕೊಟ್ಟು 5ಜಿ ಫೋನ್ ಪಡೆದರೆ 6,000 ರೂಪಾಯಿವರೆಗೆ ರಿಯಾಯಿತಿ ದೊರೆಯುತ್ತದೆಂಬ ಸಂದೇಶ ಅದೇ ಕಂಪನಿಯಿಂದ ಬಂದಿತ್ತು. ಅದನ್ನು ನಂಬಿ ಇಬ್ಬರೂ ದಾವಣಗೆರೆಯ ಪಿ.ಜೆ. ಬಡಾವಣೆಯ ಮಳಿಗೆಗೆ ಹೋದೆವು. ಈ ಕೊಡುಗೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಮಾತ್ರ, ಪ್ರೀಪೇಯ್ಡ್‌ನವರು ಅರ್ಹರಲ್ಲ ಎಂದು ಅಲ್ಲಿದ್ದ ಯುವಕ ವಿನಯದಿಂದಲೇ ಹೇಳಿದ. ಸಂದೇಶದಲ್ಲಿ ಆ ಷರತ್ತಿನ ಸುಳಿವೇ ಇರಲಿಲ್ಲ.

ಪರದೆಯ ಮೂಲೆಯಲ್ಲಿದ್ದ ಒಂದು ಗೀರಿನಿಂದಾಗಿ ಹಳೆಯ ಫೋನಿಗೆ 1,200 ರೂಪಾಯಿ ಬೆಲೆ ಕಟ್ಟಿದರು. ಬಳಿಕ ಕ್ರೆಡಿಟ್ ಕಾರ್ಡಿನ ‘ನೋ ಕಾಸ್ಟ್ ಇಎಂಐ’, ಅಂದರೆ ಬಡ್ಡಿಯಿಲ್ಲದ ಕಂತು ಎನ್ನುವ ಪ್ರಸ್ತಾಪ ಬಂದಿತು. ಬಡ್ಡಿಯಷ್ಟು ಮೊತ್ತವನ್ನು ಮೊದಲೇ ಬೆಲೆಯಲ್ಲಿ ಕಳೆದು ತೋರಿಸಿ, ಅದನ್ನೇ ಬ್ಯಾಂಕು ಕಂತುಗಳಲ್ಲಿ ವಸೂಲಿ ಮಾಡುತ್ತದೆ. ಆ ಬಡ್ಡಿಯ ಮೇಲಿನ ಶೇ. 18ರಷ್ಟು ಜಿಎಸ್‌ಟಿಯನ್ನು ನಾವೇ ಕೊಡಬೇಕು. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿದ್ದರೂ ‘ನೋ ಕಾಸ್ಟ್’ ಎಂಬ ಮಾತು ಮಳಿಗೆಗಳ ಫಲಕಗಳಿಂದ ಮರೆಯಾಗಿಲ್ಲ.

ನಂಬರ್ ಬದಲಿಸದೆ ಬೇರೆ ಕಂಪನಿಗೆ ಹೋಗಲು 1900ಕ್ಕೆ ಸಂದೇಶ ಕಳುಹಿಸಿ, ಬರುವ ಕೋಡ್‌ನೊಂದಿಗೆ ಹೊಸ ಕಂಪನಿಗೆ ಅರ್ಜಿ ಸಲ್ಲಿಸಬಹುದು. ಆದರೆ ಅಮ್ಮ ಒಪ್ಪಲಿಲ್ಲ. ‘ಇಷ್ಟು ವರ್ಷ ದುಡ್ಡು ಕಟ್ಟಿದವರಿಗೆ ಇರೋ ವಿಷಯ ಮೊದಲೇ ಹೇಳಬಾರದೇನಪ್ಪಾ?’ ಎಂದು ಅವರು ಕೇಳಿದ್ದಕ್ಕೆ ಆ ಯುವಕನ ಬಳಿ ಉತ್ತರವಿರಲಿಲ್ಲ. ಅದೇ ಪ್ರಶ್ನೆಯನ್ನು ಬರೆದು ಕಂಪನಿಗೆ ದೂರು ಸಲ್ಲಿಸಿದ್ದೇನೆ.