ಲೇಕರ್ ಬರುವುದಿಲ್ಲ

ಆಟಿ ತಿಂಗಳ ಮಳೆ. ಕಲೆಕ್ಟರ್ ರಜೆ ಕೊಟ್ಟಿದ್ದರು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲಿ ಕರೆಂಟೂ ಇರಲಿಲ್ಲ. ಊರಿನ ಕಲಾ ಮತ್ತು ಕ್ರೀಡಾ ಸಂಘದ ಸ್ಮರಣ ಸಂಚಿಕೆ ಕೈಯಲ್ಲಿತ್ತು. ಅದರ ಕೊನೆಯ ಪುಟದಲ್ಲಿ ಪದಬಂಧ, ಪೂರ್ತಿ ಆಟೋಟದ್ದೇ. ಮಾಡಿದವರು ನಮ್ಮ ನೆರೆಯ ನಿವೃತ್ತ ಕನ್ನಡ ಮಾಷ್ಟ್ರು. ತುಂಬಿಸಲು ನಾನು, ಅಕ್ಕನ ಮಗ, ಮತ್ತು ಕರೆಯದೇ ಬಂದು ಸೇರಿದ ಅಮ್ಮ.

ಅಕ್ಕನ ಮಗ ಕಲಿಯುವುದು ಮಲಯಾಳಂ ಮೀಡಿಯಂನಲ್ಲಿ. ಉತ್ತರ ಬಾಯಲ್ಲಿ ಬೇಗ ಬರುತ್ತದೆ, ಬರೆಯುವ ಕೆಲಸ ನನ್ನದು. 'ಫುಟ್ಬಾಲ್ ತಂಡದಲ್ಲಿ ಎಷ್ಟು ಜನ?' ಎಂದು ಸುಳಿವು ಓದಿದೆ. 'ಏಳು' ಎಂದ, ಒಂಚೂರೂ ಯೋಚಿಸದೆ. ಮೂರು ಮನೆ ಉಂಟು ಮಾರಾಯ, ಹನ್ನೊಂದು ಎಂದೆ. ಅವನಿಗೆ ಒಪ್ಪಿಗೆಯಾಗಲಿಲ್ಲ. ಅವನು ನೋಡಿದ್ದೆಲ್ಲ ಗದ್ದೆ ಕೊಯ್ದ ಮೇಲೆ ರಾತ್ರಿ ದೀಪ ಹಾಕಿ ಆಡುವ ಸೆವೆನ್ಸ್. ಮಲಬಾರಿನ ಕಡೆ ಬೆಳೆದ ಮಕ್ಕಳಿಗೆ ಹನ್ನೊಂದು ಜನರ ಆಟ ಟಿವಿಯದ್ದು, ಏಳು ಜನರದ್ದು ಊರಿನದ್ದು. ಹಾಗೆ ನೋಡಿದರೆ ಅವನು ಹೇಳಿದ್ದೂ ಸರಿಯೇ, ಅಲ್ವಾ?

ಆಟದ ಪದಗಳಿಂದ ಕನ್ನಡದಲ್ಲಿ ಪದಬಂಧ ಕಟ್ಟುವುದು ಸುಲಭವಲ್ಲ. ಕ್ರಿಕೆಟ್, ಫುಟ್ಬಾಲ್, ಶಾಟ್, ಗೋಲ್... ಹೆಚ್ಚಿನವು ಟ್, ಲ್, ನ್ ಅಂತ ಅರ್ಧಕ್ಕೆ ನಿಲ್ಲುವ ಪದಗಳು. ಆ ಅರ್ಧ ಅಕ್ಷರಕ್ಕೂ ಒಂದು ಮನೆ ಕೊಡಬೇಕು. ಅದರಿಂದ ಶುರುವಾಗುವ ಪದ ನಮ್ಮಲ್ಲಿಲ್ಲ. ಹಾಗಾಗಿ ಅಡ್ಡದ್ದೂ ಉದ್ದದ್ದೂ ಎರಡೂ ಅದೇ ಮನೆಗೆ ಬಂದು ಮುಗಿಯಬೇಕು. ಮಾಷ್ಟ್ರ ಪದಬಂಧದ ಕೆಳಗಿನ ಬಲಮೂಲೆ ನೋಡಿದರೆ ಸಂಜೆಯ ಕಾಸರಗೋಡು ಬಸ್ ಸ್ಟ್ಯಾಂಡಿನ ಹಾಗಿತ್ತು, ಇಂಗ್ಲಿಷ್ ಪದಗಳೆಲ್ಲ ಅಲ್ಲೇ ಒತ್ತಿಕೊಂಡು ನಿಂತಿದ್ದವು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ಎಡಗಡೆಗೆ ಕಬಡ್ಡಿ, ಕುಸ್ತಿ, ಲಗೋರಿಯಂಥವನ್ನು ಇನ್ನೂ ಜಾಸ್ತಿ ಹಾಕಬಹುದಿತ್ತು. ಕ್ರಿಕೆಟ್ಟೇ ಅರ್ಧ ಪಾಲು ತಿಂದಿತ್ತು.

ನನಗೆ ನಿಜವಾಗಿ ಸಿಟ್ಟು ಬಂದದ್ದು ಒಂದು ಸುಳಿವಿನ ಮೇಲೆ. 'ಟೆಸ್ಟ್ ಇನಿಂಗ್ಸ್ ಒಂದರಲ್ಲಿ ಹತ್ತೂ ವಿಕೆಟ್ ಪಡೆದವರು (3).' ಹಾಗೆ ಮಾಡಿದವರು ಮೂವರು. 1956ರಲ್ಲಿ ಮ್ಯಾಂಚೆಸ್ಟರಿನಲ್ಲಿ ಜಿಮ್ ಲೇಕರ್, 53 ರನ್ನಿಗೆ. 1999ರಲ್ಲಿ ದೆಹಲಿಯಲ್ಲಿ, ನಮ್ಮ ಕಾಸರಗೋಡಿನ ಕುಂಬಳೆ ಊರಿನ ಹೆಸರು ಹೊತ್ತ ಅನಿಲ್ ಕುಂಬ್ಳೆ, 74ಕ್ಕೆ. 2021ರಲ್ಲಿ ಮುಂಬೈಯಲ್ಲಿ ಏಜಾಜ್ ಪಟೇಲ್, 119ಕ್ಕೆ. ಈಗ ಮನೆ ಎಣಿಸಿ. ಲೇಕರ್ ಮೂರು, ಏಜಾಜ್ ಮೂರು, ಪಟೇಲ್ ಮೂರು, ಅನಿಲ್ ಮೂರು. ಊರಿನ ಹೆಸರು ಬರೆಯುವ ಹಾಗೆ ಕುಂಬಳೆ ಅಂತ ಬರೆದರೆ ಅದೂ ಮೂರು! ಮೂಲೆಯಲ್ಲಿ ಫುಟ್ಬಾಲಿನ ಲ್ ಬಂದು ಕೂತ ಮೇಲೂ ಪಟೇಲ್, ಅನಿಲ್ ಎರಡೂ ಉಳಿದವು, ನಮ್ಮವರೆಂದು ಅನಿಲ್ ಬರೆದೆವು. ಸುಳಿವಿನಲ್ಲಿ 'ದೆಹಲಿ' ಅಂತ ಒಂದು ಮಾತು ಇದ್ದಿದ್ದರೆ ಇಷ್ಟು ಉಜ್ಜಿ ಅಳಿಸುವ ಕೆಲಸ ಇರಲಿಲ್ಲ.

ಇನ್ನೊಂದು ಇದಕ್ಕಿಂತ ಕಷ್ಟ. 'ಕಂಬಳದ ಒಂದು ವಿಭಾಗ (5).' ನೇಗಿಲು, ಹಗ್ಗ ಆಗುವುದಿಲ್ಲ, ಚಿಕ್ಕವು. ಉಳಿದದ್ದು ಅಡ್ಡಹಲಗೆ, ಕನೆಹಲಗೆ. ಎರಡಕ್ಕೂ ಐದೇ ಮನೆ, ಕೊನೆಯ ಮೂರು ಅಕ್ಷರವೂ ಒಂದೇ. ದಾಟುವ ಪದ ಇದ್ದದ್ದು ಲಗೋರಿ ಮಾತ್ರ, ಅದೂ ಲ ಮೇಲೆ! ಕನೆಹಲಗೆಯಲ್ಲಿ ಯಾರು ಮೊದಲು ಮುಟ್ಟಿದರು ಎಂಬುದು ಲೆಕ್ಕಕ್ಕಿಲ್ಲ. ಕೋಣಗಳು ಎಳೆಯುವ ಹಲಗೆಯಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆ ಬಟ್ಟೆಗೆ ತಾಗಬೇಕು. 'ಓಟಕ್ಕಲ್ಲ, ನೀರಿಗೆ ಬಹುಮಾನ' ಅಂತ ಬರೆದಿದ್ದರೆ ಎಷ್ಟು ಚಂದದ ಸುಳಿವಾಗುತ್ತಿತ್ತು! ಪೈವಳಿಕೆಯ ಕಂಬಳ ನೋಡಿದ ಮನುಷ್ಯನೇ ಹೀಗೆ ಒಣ ಸುಳಿವು ಕೊಟ್ಟರೆ ಹೇಗೆ?

ಹಾಗಂತ ಮಾಷ್ಟ್ರಿಗೆ ಬರುವುದಿಲ್ಲ ಎಂದಲ್ಲ. 'ಸೆಕೆಂಡಿನ ನೂರನೇ ಒಂದು ಪಾಲಿಗೆ ಕಂಚು ಕಳೆದುಕೊಂಡವಳು (2)' ಎಂಬುದಕ್ಕೆ ಇಬ್ಬರಿಲ್ಲ, ಒಬ್ಬಳೇ. 1984ರ ಲಾಸ್ ಏಂಜಲೀಸ್, 400 ಮೀಟರ್ ಹರ್ಡಲ್ಸ್, ಪಿ.ಟಿ. ಉಷಾ. ಸುಮ್ನೆ 'ಕೇರಳದ ಓಟಗಾರ್ತಿ' ಅಂತ ಬರೆದಿದ್ದರೆ ಶೈನಿಯೂ ಬಂದು ಕೂರುತ್ತಿದ್ದಳು. ಎಲ್ಲಕ್ಕಿಂತ ಒಳ್ಳೆಯದು 'ನಾಲ್ಕು ನಾಲ್ಕು, ಹದಿನಾಲ್ಕು ಕಡೆ (4).' ನಾವಿಬ್ಬರೂ ಪೆದ್ದುಪೆದ್ದಾಗಿ ಬೌಂಡರಿ ಲೆಕ್ಕ ಹಾಕುತ್ತಿದ್ದೆವು. ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದ ಅಮ್ಮ ಕೈ ನಿಲ್ಲಿಸಲೂ ಇಲ್ಲ. 'ಚೆನ್ನೆಮಣೆ ಅಲ್ಲದೆ ಮತ್ತೆಂತ? ಗುಳಿ ಹದಿನಾಲ್ಕು, ಒಂದೊಂದಕ್ಕೆ ನಾಲ್ಕು ಮಂಜೊಟ್ಟಿ ಬೀಜ. ಮಳೆಗಾಲಕ್ಕೆ ನಮಗೆ ಬೇರೆ ಕೆಲಸ ಎಲ್ಲಿತ್ತು?' ಎಂದರು. ಬೀಜವನ್ನೂ ಹೇಳದೆ, ಮರವನ್ನೂ ಹೇಳದೆ ಆಟ ಹಿಡಿದು ಕೊಟ್ಟಿದ್ದರು ಮಾಷ್ಟ್ರು.

ಸಂಜೆ ಮಾಷ್ಟ್ರಿಗೆ ಫೋನು ಮಾಡಿ ಎಲ್ಲ ಒಪ್ಪಿಸಿದೆ. ಕಂಬಳದ್ದನ್ನು ಕೂಡಲೇ ಒಪ್ಪಿದರು. ಎರಡು ಉತ್ತರಕ್ಕೂ ಅಂಕ ಕೊಡುತ್ತಾರಂತೆ. ಹತ್ತು ವಿಕೆಟಿನ ವಿಷಯದಲ್ಲಿ ಮಾತ್ರ ಒಂದಿಂಚೂ ಅಲ್ಲಾಡಲಿಲ್ಲ.

'ಕಾಸರಗೋಡಿನ ಪದಬಂಧಕ್ಕೆ ಲೇಕರ್ ಯಾಕೆ ಬರುತ್ತಾನೆ?' ಎಂದರು.

'ಊರಿನವರೇ ಬೇಕಾದರೆ ತಳಂಗರೆಯ ಅಜರುದ್ದೀನ್ ಎಲ್ಲಿ? 2021ರಲ್ಲಿ ಕೇರಳ ತಂಡಕ್ಕೆ ಆಡಿ ಮುಂಬೈ ಮೇಲೆ 54 ಎಸೆತಕ್ಕೆ 137 ಹೊಡೆದವ' ಎಂದೆ.

'ಇಟ್ಟಿದ್ದೆ, ತೆಗೆದೆ. ಆ ದ್ದೀಗೆ ದಾಟುವ ಪದ ಒಂದು ಹೇಳು ನೋಡುವ.'

'ಎಲ್ಲ ಮನೆಯನ್ನೂ ದಾಟಬೇಕೂಂತ ಯಾರು ಹೇಳಿದ್ದು? ಕಂಬಳಕ್ಕೆ ಲ ಒಂದೇ ಸಾಕಾಗಿತ್ತಲ್ಲ. ಇದಕ್ಕೆ ರು ಮೇಲೆ ದಾಟಿಸಿ.'

ಅತ್ತ ಕಡೆ ಪೆನ್ಸಿಲ್ ಹುಡುಕುವ ಸದ್ದು. 'ಆಯ್ತು, ಬರುವ ವರ್ಷಕ್ಕೆ ಅಜರುದ್ದೀನ್‌ಗೆ ಜಾಗ ಮಾಡುವ' ಎಂದರು. 'ಆದರೆ ಲೇಕರ್ ಬರುವುದಿಲ್ಲ.'